ಇವಾವಾದಲ್ಲಿ ಇಳಿದ ನಾನು, ದಕ್ಷಿಣಕ್ಕೆ ಹಾರಿದ ಬಂಗಾರಿ

ವಾರ್ಸಾ

ರೈಲಿನಲ್ಲಿ ಕೂತರೆ ಸಾಕು, ನನಗೆ ನಿದ್ದೆ ಬರುತ್ತದೆ. ಇದು ಕಾಯಿಲೆಯಲ್ಲ, ಬಂಗಾರಪೇಟೆಯವರ ಅಭ್ಯಾಸ. ಯಜಮಾನರ ಫ್ಯಾಕ್ಟರಿ ಕೆಜಿಎಫ್‌ನಲ್ಲಿ, ನನ್ನ ಕಚೇರಿ ಬೆಂಗಳೂರಿನಲ್ಲಿ, ಮನೆ ನಡುವೆ ಬಂಗಾರಪೇಟೆಯಲ್ಲಿ. ಮದುವೆಯಾದಾಗಿನಿಂದ ಬೆಳಗ್ಗೆ ಒಂದು ರೈಲು, ಸಂಜೆ ಒಂದು ರೈಲು. ಸಂಜೆ ಗಾಡಿಯಲ್ಲಿ ವೈಟ್‌ಫೀಲ್ಡ್ ಬರುವಷ್ಟರಲ್ಲಿ ಮುಚ್ಚಿದ ಕಣ್ಣು, ಟೇಕಲ್ ದಾಟಿದ ಮೇಲೆ ಯಾರೂ ಎಬ್ಬಿಸದೆ ತಾನೇ ತೆರೆಯುತ್ತದೆ. ಎದ್ದವಳು ಕಿಟಕಿಯಾಚೆ ನೋಡುವುದೂ ಇಲ್ಲ. ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ಹೋಗಿ ನಿಲ್ಲುತ್ತೇನೆ. ಗಾಡಿ ನಿಂತರೆ ಅದು ಬಂಗಾರಪೇಟೆಯೇ. ಒಂದು ದಿನವೂ ತಪ್ಪಿದ್ದಿಲ್ಲ. ಈ ಜಂಬವೆಲ್ಲ ಇಳಿದದ್ದು ಪೋಲೆಂಡ್ ದೇಶದಲ್ಲಿ.

ಹೋದದ್ದು ಮಗಳು ರೂಪಾಳನ್ನು ನೋಡಲು. ಅವಳ ಓದು ಹಕ್ಕಿಗಳದು. ಪೋಲೆಂಡಿನ ಉತ್ತರದ ಸಮುದ್ರದಂಡೆಯಲ್ಲಿ ಹಕ್ಕಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುವ ಒಂದು ಕೇಂದ್ರವಿದೆ, ಅಲ್ಲಿ ಕೆಲಸ ಮಾಡುತ್ತಾಳೆ. ಜೊತೆಗೆ ಬನ್ನಿ ಎಂದು ಯಜಮಾನರನ್ನು ಕರೆದರೆ, "ಬಂಗಾರಪೇಟೆ ಚಳಿಗೇ ನನಗೆ ಮಂಡಿ ಹಿಡ್ಕೊಳ್ಳುತ್ತೆ, ನೀನು ಹೋಗಿ ಬಾ" ಎಂದು ಜಾರಿಕೊಂಡರು. ಆಗಸ್ಟ್ ತಿಂಗಳಲ್ಲಿ ಅಲ್ಲಿ ಯಾವ ಚಳಿ ರೀ ಎಂದು ಕೇಳುವಷ್ಟರಲ್ಲಿ ಟಿವಿ ಮುಂದೆ ಕೂತಾಗಿತ್ತು.

ವಾರ್ಸಾದಲ್ಲಿ ವಿಮಾನ ಇಳಿದು ನೋಡಿದರೆ ಮಗಳಿಲ್ಲ! ಅವಳ ಬದಲು ಓಲಾ ಎಂಬ ಉದ್ದನೆಯ ಹುಡುಗಿ ನನ್ನ ಫೋಟೋ ಹಿಡಿದು ನಿಂತಿದ್ದಳು. ರೂಪಾಳ ಸ್ನೇಹಿತೆಯಂತೆ. ಸಿಟ್ಟಿನಲ್ಲಿ ಮಗಳಿಗೆ ಫೋನು ಮಾಡಿದೆ.

"ಅಮ್ಮಾ, ಬೈಬೇಡ. ಮರಿಗೆ ಹೊತ್ತುಹೊತ್ತಿಗೆ ತಿನ್ನಿಸ್ಬೇಕು, ಬಿಟ್ಟು ಬರೋಕಾಗಲ್ಲ."

"ಹೆತ್ತ ತಾಯಿಗಿಂತ ಹಕ್ಕಿಮರಿ ಹೆಚ್ಚಾಯ್ತೇನೇ?"

"ಈ ವಾರ ಹೌದು" ಎಂದಳು. ಅವಳ ಬಾಯಿ ನನ್ನಿಂದಲೇ ಬಂದದ್ದು, ಯಾರಿಗೆ ಹೇಳಲಿ!

ಆ ಮರಿಯ ಕಥೆ ಇದು. ಗಡಿಯಾರದೊಳಗಿಂದ ತಲೆ ಹಾಕಿ ಕೂಗುತ್ತದಲ್ಲ, ಆ ಕುಕ್ಕೂ ಜಾತಿಯ ಹಕ್ಕಿ. ನಮ್ಮ ಕೋಗಿಲೆಯ ದಾಯಾದಿ. ಕೋಗಿಲೆ ಕಾಗೆಯ ಗೂಡಲ್ಲಿ ಮೊಟ್ಟೆಯಿಟ್ಟು ಕೈ ತೊಳೆದುಕೊಂಡ ಹಾಗೆ, ಇದರ ತಾಯಿ ಜೊಂಡಿನಲ್ಲಿ ಗೂಡು ಕಟ್ಟುವ ಒಂದು ಪುಟ್ಟ ಹಕ್ಕಿಯ ತಲೆಗೆ ಕಟ್ಟಿ ಹೊರಟುಹೋಗುತ್ತದೆ. ಎಲ್ಲಿಗೆ? ಸೀದಾ ಆಫ್ರಿಕಾಕ್ಕೆ. ದೊಡ್ಡವೆಲ್ಲ ಜುಲೈ ಹೊತ್ತಿಗೇ ಜಾಗ ಖಾಲಿ ಮಾಡಿರುತ್ತವೆ. ಮರಿಗಳು ಒಂದು ತಿಂಗಳೋ ಇನ್ನೂ ಹೆಚ್ಚೋ ತಡವಾಗಿ, ಒಂಟಿಯಾಗಿ, ತಂದೆತಾಯಿಯ ಮುಖವನ್ನೇ ನೋಡದೆ ಹೊರಡುತ್ತವೆ. ರೂಪಾಳ ಮರಿಗಂತೂ ಸಾಕಿದ ಹಕ್ಕಿಯೂ ಇಲ್ಲ. ಬಿರುಗಾಳಿಗೆ ಗೂಡು ಜೊಂಡಿನ ಸಮೇತ ನೀರಿಗೆ ಬಿದ್ದಿತ್ತು. ಇವಳು ಎತ್ತಿ ತಂದು ಕೈತುತ್ತು ಹಾಕಿ ಬೆಳೆಸಿದ್ದಳು.

ಕೇಂದ್ರದ ಮುಖ್ಯಸ್ಥರು ಮಾರೆಕ್ ಎಂಬ ಹಿರಿಯರು. ಪೆಟ್ಟಿಗೆಯಲ್ಲಿ ಬೆಳೆದ ಮರಿ ದಾರಿ ಕಾಣದೆ ಸಾಯುತ್ತದೆ, ಮೃಗಾಲಯಕ್ಕೆ ಕೊಟ್ಟುಬಿಡೋಣ ಎನ್ನುವುದು ಅವರ ವಾದ. ಇಲ್ಲ, ಇದು ಹೋಗಿ ತಲುಪುತ್ತದೆ ಎಂದು ರೂಪಾ ಹಟ ಹಿಡಿದಿದ್ದಳು. ಕೊನೆಗೆ ಮಾರೆಕ್ ಒಂದು ಷರತ್ತು ಹಾಕಿದರು: ಬೆನ್ನಿಗೆ ಟ್ಯಾಗ್ ಕಟ್ಟುವುದಾದರೆ ಬಿಡು, ಎಲ್ಲಿಗೆ ಹೋಯಿತೆಂದಾದರೂ ತಿಳಿಯುತ್ತದೆ. ವಸಂತದಲ್ಲಿ ಎರಡು ದೊಡ್ಡವಕ್ಕೆ ಹಾಗೇ ಕಟ್ಟಿ ಬಿಟ್ಟಿದ್ದರಂತೆ. ಶುಕ್ರವಾರ ಮೃಗಾಲಯದವರು ಬರುತ್ತಾರೆ. ಅಷ್ಟರೊಳಗೆ ಟ್ಯಾಗ್ ಬರದಿದ್ದರೆ ಮರಿ ಅವರದು. ನಾನು ಇಳಿದದ್ದು ಗುರುವಾರ. ಓಲಾ ನನ್ನ ಕೈಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಪೆಟ್ಟಿಗೆ ಕೊಟ್ಟಳು. ಅದರೊಳಗೆ ಐದು ರೂಪಾಯಿ ನಾಣ್ಯದಷ್ಟೂ ಭಾರವಿಲ್ಲದ, ಬಿಸಿಲಿನ ಬಲದಿಂದ ಹಕ್ಕಿ ಎಲ್ಲಿದೆಯೆಂದು ಸುದ್ದಿ ಕಳಿಸುವ ಆ ಟ್ಯಾಗು. ಇದನ್ನು ಗ್ದಾನ್ಸ್ಕ್ ಊರಿನ ಸ್ಟೇಷನ್ನಿನಲ್ಲಿ ರೂಪಾಳ ಕೈಗೆ ಮುಟ್ಟಿಸುವುದು ನನ್ನ ಕೆಲಸ. ವ್ಯಾನಿಟಿ ಬ್ಯಾಗಿನೊಳಗೆ ಹಾಕಿ ಜಿಪ್ಪು ಎಳೆದೆ.

ಓಲಾ ನನ್ನನ್ನು ವಾರ್ಸಾ ಸ್ಟೇಷನ್ನಿಗೆ ಕರೆತಂದಳು. ರೈಲು ಬಂದದ್ದೇ ನನ್ನ ಕೈ ಸುಮ್ಮನಿರಲಿಲ್ಲ. ಬಾಗಿಲು ತೆರೆದ ಕ್ಷಣಕ್ಕೆ ಕರ್ಚೀಫು ತೆಗೆದು ಕಂಡ ಸೀಟಿನ ಮೇಲೆ ಎಸೆದೆ. ನಮ್ಮ ಗಾಡಿಯಲ್ಲಿ ಹೀಗೆ ಮಾಡದಿದ್ದರೆ ಬಂಗಾರಪೇಟೆಯವರೆಗೂ ನಿಂತುಕೊಂಡೇ ಬರಬೇಕು. ಇಲ್ಲಿ ಎಲ್ಲರಿಗೂ ನಂಬರು ಹಾಕಿದ ಸೀಟು. ಕರ್ಚೀಫು ಬಿದ್ದ ಸೀಟಿನವರು ಅದನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ತಲೆ ಬಾಗಿಸಿ ನನಗೆ ವಾಪಸು ಕೊಟ್ಟರು. ಓಲಾ ಕಿಟಕಿಯಾಚೆ ಹೊಟ್ಟೆ ಹಿಡಿದು ನಗುತ್ತಿದ್ದಳು.

ಒಳಗೆ ಬಂದವರೆಲ್ಲ ಪರಿಚಯವಿರಲಿ ಬಿಡಲಿ ಒಂದು ನಮಸ್ಕಾರ ಹೇಳುತ್ತಾರೆ. ಅದಾದ ಮೇಲೆ ಇಳಿಯುವವರೆಗೂ ತುಟಿ ಬಿಚ್ಚುವುದಿಲ್ಲ. ಇಡೀ ಬೋಗಿಯಲ್ಲಿ ಒಂದು ಕಡಲೆಕಾಯಿ ಸುಲಿಯುವ ಸದ್ದಿಲ್ಲ. ಫೋನನ್ನು ಸೀಟಿನ ಪಕ್ಕದಲ್ಲಿ ಚಾರ್ಜಿಗೆ ಹಾಕಿ ಹೊರಗೆ ನೋಡುತ್ತಾ ಕೂತೆ. ಅಷ್ಟು ಮೌನವಿದ್ದರೆ ನನ್ನಂಥವಳಿಗೆ ಏನಾಗಬೇಕೋ ಅದೇ ಆಯಿತು.

ಇವಾವಾ

ಕಣ್ಣು ತೆರೆಯಿತು. ಗಾಡಿ ನಿಧಾನವಾಗುತ್ತಿತ್ತು. ಹಳಿಗಳು ಕವಲೊಡೆದು ಹರಡಿಕೊಳ್ಳುತ್ತಿದ್ದವು, ಪಕ್ಕದಲ್ಲಿ ಗೂಡ್ಸ್ ಡಬ್ಬಿಗಳು, ಯಾರೋ ಬ್ಯಾಗು ಇಳಿಸುವ ಸದ್ದು. ತಲೆ ಇನ್ನೂ ಮಲಗಿತ್ತು, ಮೈ ಎದ್ದಿತ್ತು. ಮೈ ಏನು ಮಾಡಿತು? ಬ್ಯಾಗು ಹೆಗಲಿಗೇರಿಸಿ ಬಾಗಿಲಿಗೆ ಹೋಯಿತು, ಗಾಡಿ ನಿಂತಿತು, ಇಳಿಯಿತು. ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡ ಮೇಲೆ, ಎಲ್ಲಿ ಟೀ ಮಾರುವವನ ಕೂಗು ಎಂದು ಹುಡುಕಿದಾಗಲೇ ನನಗೆ ಪೂರ್ತಿ ಎಚ್ಚರವಾದದ್ದು.

ಬೋರ್ಡಿನ ಮೇಲೆ ಇದ್ದದ್ದು ಗ್ದಾನ್ಸ್ಕ್ ಅಲ್ಲ, ಇವಾವಾ. ನನ್ನ ಸೂಟ್‌ಕೇಸು, ಅದರೊಳಗಿನ ಹುರಿಗಾಳು ಹಿಟ್ಟು, ಚಟ್ನಿಪುಡಿ, ಚಾರ್ಜಿಗೆ ಹಾಕಿದ ಫೋನು ಎಲ್ಲವೂ ಸರಿಯಾದ ಊರಿಗೆ ಹೋಗುತ್ತಿದ್ದವು. ತಪ್ಪಿದ್ದು ನಾನೊಬ್ಬಳೇ, ಮತ್ತೆ ನನ್ನ ಬ್ಯಾಗಿನಲ್ಲಿದ್ದ ಆ ಪೆಟ್ಟಿಗೆ. ನನ್ನ ನಿದ್ದೆಯಿಂದ ಮಗಳು ಸಾಕಿದ ಮರಿ ಪಂಜರದ ಪಾಲಾಗುತ್ತದಲ್ಲಾ ಎಂದುಕೊಳ್ಳುತ್ತಾ ಜಿಪ್ಪು ತೆಗೆದು ಪೆಟ್ಟಿಗೆ ಮುಟ್ಟಿ ನೋಡಿಕೊಂಡೆ.

ಕೆಜಿಎಫ್ ಕಡೆಯವರಿಗೆ ಒಂದು ನಂಬಿಕೆಯಿದೆ. ಒಂದು ಭಾಷೆ ನಡೆಯದಿದ್ದರೆ ಇನ್ನೊಂದು ನಡೆಯುತ್ತದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಂದು ಬಕೆಟ್ಟು ಅಣಬೆ ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ಹೋಗಿ ಗಾಬರಿಯಲ್ಲಿ ಮೊದಲು ಕನ್ನಡದಲ್ಲಿ ಕೇಳಿದೆ. ಆಮೇಲೆ ತಮಿಳಿನಲ್ಲಿ, ಆಮೇಲೆ ತೆಲುಗಿನಲ್ಲಿ, ಹಿಂದಿಯಲ್ಲಿ. ಇಂಗ್ಲಿಷು ನೆನಪಿಗೆ ಬಂದದ್ದು ಕೊನೆಗೆ. ಅಜ್ಜಿಗೆ ಐದೂ ಒಂದೇ. ಆದರೆ ನನ್ನ ಮುಖ ಅರ್ಥವಾಯಿತು. ಎದೆ ಮುಟ್ಟಿಕೊಂಡು "ಹಾಲಿನಾ" ಎಂದರು. ನಾನೂ ಹೆಸರು ಹೇಳಿದೆ. ಕಿವಿಯ ಹತ್ತಿರ ಕೈ ಹಿಡಿದು ತೋರಿಸಿದೆ, ಅವರು ಮೊಬೈಲು ತೆಗೆದುಕೊಟ್ಟರು.

ನನಗೆ ಬಾಯಿಪಾಠವಿರುವುದು ಈ ಪ್ರಪಂಚದಲ್ಲಿ ಒಂದೇ ನಂಬರು.

"ಯಾರ್ರೀ ಅದು?" ಹಿಂದೆ ಫ್ಯಾಕ್ಟರಿಯ ಮೆಷೀನು ಗುಡುಗುತ್ತಿತ್ತು.

"ನಾನು ರೀ. ಇಳಿದುಬಿಟ್ಟೆ."

"ಒಳ್ಳೇದಾಯ್ತು. ರೂಪಾ ಸಿಕ್ಕಿದ್ಲಾ?"

"ರೂಪಾ ಊರಲ್ಲಿ ಅಲ್ಲ ರೀ. ಇದ್ಯಾವುದೋ ಬೇರೆ ಊರು."

"ಇಳಿ ಅಂತ ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಲಿಲ್ಲ. ಬಂಗಾರಪೇಟೆ ಬಂತು ಅನ್ನಿಸ್ತು."

ಅವರು ನಕ್ಕ ನಗು ಪಕ್ಕದಲ್ಲಿದ್ದ ಹಾಲಿನಾ ಅಜ್ಜಿಗೂ ಕೇಳಿಸಿತು. ಮನೆಗೆ ಹೋದ ಮೇಲೆ ನೋಡಿಕೊಳ್ಳುತ್ತೇನೆ ಎಂದುಕೊಂಡೆ. ಆದರೂ ಅವರೇ ರೂಪಾಳಿಗೆ ಫೋನು ಮಾಡಿ ಈ ನಂಬರು ಕೊಟ್ಟರು. ಪೋಲೆಂಡಿನಿಂದ ಕೆಜಿಎಫ್‌ಗೆ ಹೋದ ಸುದ್ದಿ ತಿರುಗಿ ಪೋಲೆಂಡಿಗೆ ಬಂತು. ರೂಪಾ ಹಾಲಿನಾ ಜೊತೆ ಅವರ ಭಾಷೆಯಲ್ಲಿ ಮಾತಾಡಿದಳು. ಆಮೇಲೆ ಫೋನು ನನ್ನ ಕಿವಿಗೆ ಬಂದಾಗ ಅವಳು ಕೇಳಿದ ಮೊದಲ ಮಾತು, "ಅಮ್ಮಾ, ಪೆಟ್ಟಿಗೆ?"

"ಇದೆ ಕಣೇ. ನಾನೂ ಇದ್ದೀನಿ, ಕೇಳಿದ್ದಕ್ಕೆ ಸಂತೋಷ."

ಮುಂದಿನ ರೈಲು ಬರುವವರೆಗೆ ಹಾಲಿನಾ ನನ್ನನ್ನು ಬಿಟ್ಟು ಕದಲಲಿಲ್ಲ. ಬೇಯಿಸಿದ ಮೊಟ್ಟೆ, ಉಪ್ಪುನೀರಿನಲ್ಲಿ ಹಾಕಿದ ಸೌತೆಕಾಯಿ ಕೊಟ್ಟರು. ಬ್ಯಾಗಿನಲ್ಲಿದ್ದ ಕಡಲೆಮಿಠಾಯಿ ನಾನು ಕೊಟ್ಟೆ. ಕಡಿದು ಹಲ್ಲು ಹಿಡಿದುಕೊಂಡರೂ ಇನ್ನೊಂದು ಕೇಳಿದರು. ರೈಲು ಬಂದಾಗ ನನ್ನ ಜೊತೆಗೇ ಹತ್ತಿ, ನನ್ನನ್ನು ಕೂರಿಸಿ, ಇಡೀ ಬೋಗಿಗೆ ಕೇಳುವಂತೆ ಏನೋ ಭಾಷಣ ಮಾಡಿ ಇಳಿದುಹೋದರು. ಏನು ಹೇಳಿದರೆಂದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ನನ್ನ ರೆಪ್ಪೆ ಒಂದಿಷ್ಟು ಬಾಗಿದರೆ ಸಾಕು, ಎದುರಿನವರು ಮಂಡಿ ತಟ್ಟುತ್ತಿದ್ದರು. ತುಟಿ ಬಿಚ್ಚದ ಆ ಜನ ಪ್ರತಿ ಸ್ಟೇಷನ್ನಿನಲ್ಲೂ ನನ್ನ ಕಡೆ ನೋಡಿ "ನಿಯೆ, ನಿಯೆ" ಎಂದು ತಲೆಯಾಡಿಸುತ್ತಿದ್ದರು. ಇದಲ್ಲ, ಇದಲ್ಲ ಎಂದು.

ಸಮುದ್ರದಂಡೆ

ಗ್ದಾನ್ಸ್ಕ್ ಪ್ಲಾಟ್‌ಫಾರ್ಮಿನಲ್ಲಿ ರೂಪಾ ಒಂದು ಕೈಯಲ್ಲಿ ನನ್ನ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ನನ್ನ ಫೋನು ಹಿಡಿದು ನಿಂತಿದ್ದಳು. ಬೈಯುತ್ತಾಳೆಂದುಕೊಂಡರೆ ಅಪ್ಪಿಕೊಂಡು ಅತ್ತುಬಿಟ್ಟಳು. ನಾನೂ ಅತ್ತೆ. ಆಮೇಲೆ ಬೈದಳು.

ಕೇಂದ್ರವೆಂದರೆ ಪೈನ್ ಮರಗಳ ನಡುವೆ ಒಂದು ಮರದ ಮನೆ, ಆಚೆ ಮರಳ ದಿಬ್ಬ, ಅದರಾಚೆ ಸಮುದ್ರ. ಒಳಗೆ ಹೋಗುವಾಗ ನಮ್ಮ ಹಾಗೇ ಚಪ್ಪಲಿ ಬಿಡುತ್ತಾರೆ, ಆದರೆ ಬರಿಗಾಲಲ್ಲಿ ಬಿಡುವುದಿಲ್ಲ. ಬಂದವರಿಗೆಂದೇ ಬಾಗಿಲ ಹಿಂದೆ ಬಟ್ಟೆಯ ಚಪ್ಪಲಿಗಳ ರಾಶಿ. ನನ್ನ ಕಾಲಿಗೆ ಸಿಕ್ಕಿದ್ದು ಮಾರೆಕ್ ಅವರದು, ದೋಣಿಯಂಥದ್ದು. ಅದರಲ್ಲೇ ಜಾರಿಕೊಂಡು ಹೋಗಿ ಮರಿ ನೋಡಿದೆ.

ಬೂದು ಮೈ, ಎದೆ ತುಂಬ ಪಟ್ಟೆ, ತಲೆಯ ಹಿಂಭಾಗದಲ್ಲಿ ಒಂದು ಬಿಳಿ ಚುಕ್ಕೆ. ನನ್ನನ್ನು ನೋಡಿದ್ದೇ ಬಾಯಿ ತೆರೆಯಿತು. ಅಬ್ಬಬ್ಬಾ, ಮೈಗಿಂತ ಬಾಯಿಯೇ ದೊಡ್ಡದು, ಒಳಗೆ ಕುಂಕುಮದ ಬಣ್ಣ! ನನಗೆ ಹುಳ ಕಂಡರೆ ಮೈ ಜುಮ್ಮೆನ್ನುತ್ತದೆ. ಆದರೂ ಆ ಬಾಯಿ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಚಿಮುಟದಲ್ಲಿ ಹುಳ ಎತ್ತಿ ಹಾಕಿದೆ. ಬಂಗಾರಿ ಎಂದು ಹೆಸರಿಟ್ಟೆ. ಹೆಸರಿಡಬಾರದು ಅಮ್ಮಾ ಎಂದು ರೂಪಾ ಹೇಳಿದಳು. ಮಾರನೆಯ ದಿನ ಅವಳೇ ಬಂಗಾರಿ ಎಂದು ಕರೆಯುತ್ತಿದ್ದಳು.

ಶುಕ್ರವಾರ ಬೆಳಗ್ಗೆ ಮಾರೆಕ್ ಮತ್ತು ರೂಪಾ ಸೇರಿ ಬಂಗಾರಿಯ ಬೆನ್ನಿಗೆ ಶಾಲೆ ಮಕ್ಕಳ ಬ್ಯಾಗಿನಂತೆ ಆ ಟ್ಯಾಗು ಕಟ್ಟಿದರು. ಅದು ಅಭ್ಯಾಸವಾಗಲು ಒಂದಷ್ಟು ದಿನ ಬೇಕು, ಆಮೇಲೆ ಒಳ್ಳೆ ಗಾಳಿ ನೋಡಿ ಬಿಡುವುದು ಎಂದಾಯಿತು. ಮೃಗಾಲಯದವರು ಬಂದು ಚಹಾ ಕುಡಿದು ಹೋದರು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹೇಳಿ ಎಂದರಂತೆ.

ಈಗ ಮನಸ್ಸು ಬದಲಾದದ್ದು ನನ್ನದು. ಅದಕ್ಕೆ ತಿನ್ನಿಸಿ ತಿನ್ನಿಸಿ ನನಗೆ ಕರುಳು ಕಿತ್ತುಬರತೊಡಗಿತು. ಒಂದು ಮಧ್ಯಾಹ್ನ ಬೀಟ್‌ರೂಟಿನ ತಣ್ಣನೆಯ ಗುಲಾಬಿ ಸಾರು ಕುಡಿಯುತ್ತಾ ಶುರು ಮಾಡಿದೆ.

"ಲೇ ರೂಪಾ, ಮೃಗಾಲಯದವರನ್ನ ಕರೆದುಬಿಡೇ. ಹೊತ್ತುಹೊತ್ತಿಗೆ ಊಟ, ಬೆಚ್ಚಗೆ ಮನೆ. ಅದಕ್ಕೇನು ಕಡಿಮೆ?"

"ಅಮ್ಮಾ, ಅದಕ್ಕೆ ಹೋಗ್ಬೇಕು ಅನ್ನೋದು ಮೈಯಲ್ಲೇ ಇದೆ. ಯಾವ ದಿಕ್ಕಿಗೆ, ಎಷ್ಟು ದಿನ ಹಾರಬೇಕು ಅನ್ನೋದೂ ಮೊಟ್ಟೆಯಿಂದಲೇ ಬಂದಿರುತ್ತೆ. ಯಾರೂ ಹೇಳಿಕೊಡಬೇಕಾಗಿಲ್ಲ. ಸೂರ್ಯ, ನಕ್ಷತ್ರ, ಭೂಮಿಯ ಅಯಸ್ಕಾಂತದ ಸೆಳೆತ, ಎಲ್ಲಾ ನೋಡ್ಕೊಂಡು ಹೋಗುತ್ತೆ."

"ನಡುವೆ ಗಾಳಿ ಪಕ್ಕಕ್ಕೆ ತಳ್ಳಿದ್ರೆ?"

ರೂಪಾ ಸಾರಿನ ಬಟ್ಟಲು ನೋಡಿದಳು. "ಮೊದಲನೇ ಸಲ ಹೋಗೋ ಮರಿಗಳಿಗೆ ಅದು ಕಷ್ಟ. ಒಂದ್ಸಲ ಹೋಗಿಬಂದ ದೊಡ್ಡವಾದರೆ ತಿದ್ದಿಕೊಂಡು ಸರಿಯಾದ ಜಾಗಕ್ಕೆ ಹೋಗ್ತವೆ. ಮರಿಗಳು ತಮ್ಮ ಲೆಕ್ಕ ಮುಗಿದ ಕಡೆ ಇಳಿದುಬಿಡಬಹುದು."

"ನನ್ನ ಹಾಗೆ!" ಎಂದೆ. "ನಾನೇ ಸಾಕ್ಷಿ ಕಣೇ. ಇಷ್ಟು ವರ್ಷ ಓಡಾಡಿದ ನನ್ನ ಮೈಯೇ ನನ್ನನ್ನ ತಪ್ಪು ಊರಲ್ಲಿ ಇಳಿಸ್ತು. ಇದು ಆಕಾಶವನ್ನೇ ಸರಿಯಾಗಿ ನೋಡಿಲ್ಲ. ಸಮುದ್ರದ ನಡುವೆ ಇಳಿದ್ರೆ ಯಾವ ಹಾಲಿನಾ ಬರ್ತಾಳೆ ಅದಕ್ಕೆ?"

ಅವಳು ಬಟ್ಟಲು ಎತ್ತಿಕೊಂಡು ಎದ್ದುಹೋದಳು. ಗೆದ್ದೆ ಎಂದುಕೊಂಡೆ. ಗೆದ್ದವಳಿಗೆ ಸಾರು ಸೇರಲಿಲ್ಲ.

ಪಂಜರ

ಸಂಜೆಯಾದರೆ ಬಂಗಾರಿಯನ್ನು ಆಕಾಶ ಕಾಣುವ ಒಂದು ದುಂಡನೆಯ ಬಲೆ ಪಂಜರದಲ್ಲಿಡುತ್ತಿದ್ದರು. ಪಂಜರದ ಒಳಗೋಡೆಗೆ ಸುತ್ತಲೂ ಕಾಗದ. ಹೊರಡುವ ಕಾಲ ಬಂದ ಹಕ್ಕಿ ರಾತ್ರಿ ಸುಮ್ಮನಿರುವುದಿಲ್ಲವಂತೆ, ಹೋಗಬೇಕಾದ ಕಡೆಗೇ ಹಾರಿ ಹಾರಿ ಬೀಳುತ್ತದಂತೆ. ಬೆಳಗ್ಗೆ ಕಾಗದ ಬಿಚ್ಚಿದರೆ ಉಗುರಿನ ಗೀರುಗಳೆಲ್ಲ ಒಂದೇ ಕಡೆ. ದಕ್ಷಿಣ, ಕೊಂಚ ಪೂರ್ವಕ್ಕೆ ವಾಲಿದ ದಕ್ಷಿಣ. ನೋಡು ಅಮ್ಮಾ ಎಂದು ರೂಪಾ ತಂದು ತೋರಿಸಿದಳು. ನಾನು ನಂಬಲಿಲ್ಲ. ಪಂಜರದ ಆ ಬದಿಯಲ್ಲಿ ಏನೋ ಇರಬೇಕು, ಅಥವಾ ಅದಕ್ಕೆ ಆ ಜಾಗ ಅಭ್ಯಾಸವಾಗಿರಬೇಕು ಎಂದೆ.

ಮಾರನೆಯ ಸಂಜೆ ಅವರೆಲ್ಲ ಹಕ್ಕಿ ಹಿಡಿಯುವ ಬಲೆ ನೋಡಲು ಹೋದಾಗ ಯಾರಿಗೂ ಹೇಳದೆ ಹೋಗಿ ಪಂಜರವನ್ನು ಪೂರ್ತಿ ಹಿಂದುಮುಂದಾಗಿ ತಿರುಗಿಸಿಟ್ಟೆ. ಬೆಳಗ್ಗೆ ನಾನೇ ಮೊದಲು ಎದ್ದು ಹೋಗಿ ನೋಡಿದೆ. ಗೀರುಗಳು ಪಂಜರದ ಹಳೇ ಬದಿಯಲ್ಲಿರಲಿಲ್ಲ, ಎದುರು ಬದಿಯಲ್ಲಿದ್ದವು. ಅಂದರೆ ಮತ್ತೆ ಅದೇ ದಕ್ಷಿಣಕ್ಕೆ. ನಾನು ಸುಮ್ಮನಿರುವ ಹೆಣ್ಣಲ್ಲ, ಆ ದಿನ ಅಡ್ಡಡ್ಡ ತಿರುಗಿಸಿದೆ. ಮತ್ತೂ ದಕ್ಷಿಣ. ಒಂದು ಕಡೆ ಕಾಗದ ಹರಿದು ತೂತು ಬಿದ್ದಿತ್ತು. ಬಂಗಾರಿಯ ಎದೆಯ ಎರಡು ಗರಿ ಕೆಳಗೆ ಬಿದ್ದಿದ್ದವು.

ಆ ತೂತು ನೋಡಿ ನನಗೆ ಸಂಕಟವಾಯಿತು. ರಾತ್ರಿಯೆಲ್ಲ ಅದು ಅಲ್ಲಿಗೆ ಡಿಕ್ಕಿ ಹೊಡೆಯುತ್ತಿತ್ತು, ನಾನು ಅದಕ್ಕೆ ಬೆಚ್ಚಗೆ ಮನೆ ಹುಡುಕುತ್ತಿದ್ದೆ. ಕಾಗದ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ರೂಪಾ, ಮಾರೆಕ್ ಇಬ್ಬರೂ ಕಾಫಿ ಕುಡಿಯುತ್ತಿದ್ದರು.

"ಬಿಟ್ಟುಬಿಡೇ ಅದನ್ನ" ಎಂದೆ. ಪಂಜರ ತಿರುಗಿಸಿದ್ದನ್ನೂ ಹೇಳಿದೆ.

ರೂಪಾ ತಲೆ ಚಚ್ಚಿಕೊಂಡಳು. ನನ್ನ ಮಾತು ಮಾರೆಕ್‌ಗೆ ಅವಳೇ ತಿಳಿಸಿದಳು. ಅವರು ಎದ್ದು ಬಂದು, ಗಡ್ಡದೊಳಗೇ ನಗುತ್ತಾ, ನನ್ನ ಕೈ ಕುಲುಕಿದರು.

ಬಿಟ್ಟ ದಿನ

ಗಾಳಿ ಉತ್ತರದಿಂದ ಬೀಸುತ್ತಿತ್ತು, ಮೋಡವಿರಲಿಲ್ಲ. ಸೂರ್ಯ ಇಳಿಯುವ ಹೊತ್ತಿಗೆ ಜೊಂಡಿನ ಅಂಚಿಗೆ ಹೋದೆವು. ಎರಡು ದಿನದಿಂದ ನಾನು ತಿನ್ನಿಸಿದ್ದಕ್ಕೆ ಲೆಕ್ಕವಿಲ್ಲ, ಮಗಳನ್ನು ಹಾಸ್ಟೆಲಿಗೆ ಕಳಿಸುವಾಗಲೂ ಅಷ್ಟು ತಿನ್ನಿಸಿರಲಿಲ್ಲ. ಬಾಗಿಲು ನೀನೇ ತೆಗಿ ಅಮ್ಮಾ ಎಂದಳು ರೂಪಾ. ತೆಗೆದೆ.

ಬಂಗಾರಿ ಹಾರಿ ಪಕ್ಕದ ಗಿಡದಲ್ಲಿ ಕೂತಿತು. ಕೂತೇ ಇತ್ತು. ಬೆನ್ನ ಮೇಲಿನ ಟ್ಯಾಗನ್ನು ಕೊಕ್ಕಿನಿಂದ ಸರಿಮಾಡಿಕೊಂಡಿತು. ನನ್ನ ಕಡೆ ತಿರುಗಿ ಬಾಯಿ ತೆರೆಯಿತು! ಕೈ ತಾನಾಗೇ ಹುಳದ ಡಬ್ಬಿಗೆ ಹೋಯಿತು. ರೂಪಾ ನನ್ನ ಮುಂಗೈ ಹಿಡಿದುಕೊಂಡಳು, ಗಟ್ಟಿಯಾಗಿ. ಅದು ಸ್ವಲ್ಪ ಹೊತ್ತು ಬೇಡಿತು, ಬಾಯಿ ಮುಚ್ಚಿತು, ಆ ಕಡೆ ತಿರುಗಿತು. ಬೆಳಕು ಮಾಸುತ್ತಿದ್ದಂತೆ ಗಿಡದಿಂದ ಎದ್ದು, ಮೇಲೇರಿ, ನಮ್ಮ ತಲೆಯ ಮೇಲೆ ಅರ್ಧ ಸುತ್ತು ಹಾಕಿ ಹೊರಟುಹೋಯಿತು. ಯಾವ ಕಡೆಗೆ ಎಂದು ನಾನು ಕೇಳಬೇಕಾಗಿರಲಿಲ್ಲ.

ಬಂಗಾರಪೇಟೆ

ರಜ ಮುಗಿದು ಮತ್ತೆ ಅದೇ ಸಂಜೆ ಗಾಡಿ. ನಮ್ಮ ಹೆಂಗಸರ ಬೋಗಿಯಲ್ಲಿ ನನ್ನ ಪಕ್ಕ ಕೂರುವವಳು ಮುನಿರತ್ನಮ್ಮ, ಬೂದಿಕೋಟೆಯವಳು, ಬೆಂಗಳೂರಿಗೆ ಹೂವು ಕೊಂಡೊಯ್ದು ಮಾರುತ್ತಾಳೆ. ಎದುರಿಗೆ ಸೆಲ್ವಿ, ಕೆಜಿಎಫ್‌ನ ನಂದಿದುರ್ಗ ಗಣಿ ಕಾರ್ಮಿಕರ ಲೈನಿನವಳು, ಆಸ್ಪತ್ರೆಯಲ್ಲಿ ಆಯಾ. ಇವರಿಗೆ ಹೇಳಿದ ಮೇಲೆ ಇಡೀ ಬೋಗಿಗೆ ಹೇಳಿದಂತೆಯೇ. ದಿನಾ ಸಂಜೆ ರೂಪಾ ನಕ್ಷೆ ಕಳಿಸುತ್ತಿದ್ದಳು, ಅದರ ಮೇಲೆ ಒಂದು ಚುಕ್ಕೆ. ಗಾಡಿ ಹತ್ತಿದ ತಕ್ಷಣ ಸೆಲ್ವಿ, "ಅಕ್ಕಾ, ಬಂಗಾರಿ ಇಪ್ಪೋ ಎಂಗ ಇರುಕ್ಕು?" ಎನ್ನುತ್ತಿದ್ದಳು, ಈಗ ಎಲ್ಲಿದೆ ಎಂದು. ಹಂಗರಿ, ಗ್ರೀಸ್, ಆಮೇಲೆ ನೀಲಿ ಸಮುದ್ರದ ನಡುವೆ. ಆ ದಿನ ಇಳಿಯುವವರೆಗೂ ಎಲ್ಲರೂ ನನ್ನ ಫೋನಿನ ಮೇಲೇ ಬಾಗಿದ್ದರು. ಮಾರನೆಯ ಸಂಜೆ ಚುಕ್ಕೆ ಆಫ್ರಿಕಾದ ದಡದಲ್ಲಿತ್ತು, ಮುನಿರತ್ನಮ್ಮ ಎಲ್ಲರಿಗೂ ಒಂದೊಂದು ತುಂಡು ಕನಕಾಂಬರ ಹಂಚಿದಳು.

ಮರಳುಗಾಡಿನ ಮೇಲೆ ಚುಕ್ಕೆ ನಿಂತುಹೋಯಿತು. ಒಂದು ದಿನ, ಎರಡು ದಿನ, ಒಂದು ವಾರ. ಗರಿ ಮುಚ್ಚಿಕೊಂಡು ಟ್ಯಾಗಿಗೆ ಬಿಸಿಲು ಬಿದ್ದಿಲ್ಲವೇನೋ ಎಂದಳು ರೂಪಾ. ಅವಳ ದನಿ ಕೇಳಿದರೆ ಅವಳಿಗೇ ನಂಬಿಕೆಯಿರಲಿಲ್ಲ. ದಸರಾ ಬಂತು, ಹೋಯಿತು. ನಾನು ನಕ್ಷೆ ತೆಗೆಯುವುದನ್ನೇ ಬಿಟ್ಟೆ. ಬೋಗಿಯಲ್ಲೂ ಯಾರೂ ಕೇಳಲಿಲ್ಲ. ಮೃಗಾಲಯದಲ್ಲಿ ಇದ್ದಿದ್ದರೆ ಎಂದು ಮನಸ್ಸು ಹೇಳುತ್ತಿತ್ತು. ಬಿಡು ಎಂದವಳೂ ನಾನೇ, ಯಾರನ್ನು ಬೈಯಲಿ?

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಗಾಡಿ ಮಾಲೂರು ಬಿಟ್ಟಿತ್ತು. ರೂಪಾಳ ಫೋನು. ಮಾತಿಲ್ಲ, ಅಳು ಮಾತ್ರ.

"ಅಮ್ಮಾ, ಬಂತು. ಟ್ಯಾಗು ಮಾತಾಡ್ತಿದೆ. ಮರಳುಗಾಡು ದಾಟಿ, ಕಾಡಿಗೆ ಹೋಗಿ ಕೂತಿದೆ ಕಣಮ್ಮಾ. ನಮ್ಮ ಜೊಂಡಿನಲ್ಲಿ ವಸಂತದಲ್ಲಿ ಎರಡು ದೊಡ್ಡವಕ್ಕೆ ಟ್ಯಾಗ್ ಹಾಕಿದ್ವಲ್ಲ, ಜುಲೈನಲ್ಲೇ ಹೋದವು? ಅವೆರಡೂ ಅದೇ ಕಾಡಲ್ಲಿ, ಅದೇ ಹೊಳೆ ಪಕ್ಕದಲ್ಲೇ ಇವೆ."

ನಾನು ಜೋರಾಗಿ ಹೇಳಿಬಿಟ್ಟೆನೆಂದು ಕಾಣುತ್ತದೆ. ಬೋಗಿಗೆ ಬೋಗಿಯೇ ನಮ್ಮ ಸುತ್ತ ಬಂತು. ಸೆಲ್ವಿ ಸಿಳ್ಳೆ ಹೊಡೆದಳು. ನನಗೆ ಕಣ್ಣೀರು ನಿಲ್ಲಲಿಲ್ಲ, ನಿಲ್ಲಿಸಲು ನೋಡಲೂ ಇಲ್ಲ.

ಹೂವು ಕಟ್ಟುತ್ತಿದ್ದ ಮುನಿರತ್ನಮ್ಮ ದಾರ ಹಿಡಿದೇ ಕೇಳಿದಳು, "ಆ ದೊಡ್ಡೋವು ಅದನ್ನ ಮಾತಾಡುಸುದ್ವಾ ಅಕ್ಕಾ?"

ನಾನು ಅದನ್ನೇ ರೂಪಾಳಿಗೆ ಕೇಳಿದೆ. ಅವಳು ಮೂಗು ಸೀಟಿಕೊಂಡು, ಓದಿದವಳ ಗಾಂಭೀರ್ಯದಲ್ಲಿ, "ಗೊತ್ತಾಗಲ್ಲ ಅಮ್ಮಾ. ಹತ್ತಿರ ಇವೆ, ಅಷ್ಟೇ ಗೊತ್ತು" ಎಂದಳು. ಮುನಿರತ್ನಮ್ಮನಿಗೆ ಹಾಗೆಯೇ ಹೇಳಿದೆ.

ಅವಳು ದಾರ ಎಳೆದು ಗಂಟು ಹಾಕಿದಳು. "ಮಾತಾಡ್ಸಿರ್ತವೆ ಬುಡಕ್ಕಾ. ಅಷ್ಟು ದೂರದಿಂದ ಒಂದೇ ಬಂದೈತೆ, ಮಾತಾಡುಸ್ದೆ ಇರ್ತವಾ?"